ತಗ್ಗುಬಾಗಿಲ ರಂಗಪ್ಪ ಕಣದಮನೆಯಲ್ಲಿ ನೆಲೆಸಿದ್ದು

ಬಹಳ ಹಿಂದೆ, ಕಂಪನಿ ಸರ್ಕಾರದ ಕಾಲದಲ್ಲಿ, ಬೂದಿಗುಂಟೆಯ ಬಯಲಿಗೆ ಪಿಲ್ಚರ್ ಎಂಬ ಇಂಗ್ಲಿಷ್ ದೊರೆ ಬಂದ. ಋಷಿಯಲ್ಲ, ಬೇಟೆಗಾರನೂ ಅಲ್ಲ. ಬೇಸಾಯಗಾರ. ರಾಗಿ ಬೆಳೆದ.

ತನ್ನ ಊರಿನಲ್ಲಿದ್ದಂಥ ಮನೆಯನ್ನೇ ಇಲ್ಲಿ ಕಟ್ಟಿಸಿದ. ಹಿಮ ಜಾರಿ ಬೀಳಲೆಂದು ಕಡಿದಾದ ಮಾಡು. ಚಳಿ ಕಾಯಿಸಲು ಗೋಡೆಯೊಳಗೆ ಒಲೆ, ಅದರ ಮೇಲೆ ತೆಂಗಿನ ಮರದಷ್ಟು ಎತ್ತರದ ಹೊಗೆಗೂಡು. ಬೂದಿಗುಂಟೆಯಲ್ಲಿ ಹಿಮ ಇನ್ನೂ ಬಿದ್ದಿಲ್ಲ.

ಮನೆಯ ಎದುರಿಗೆ ಕಣದಮನೆ ಎದ್ದಿತು. ಕಣಕ್ಕೆ ಸೂರು ಹಾಕಿದ್ದನ್ನು ಊರು ಕಂಡದ್ದು ಅದೇ ಮೊದಲು. ತೊಲೆಗಳನ್ನು ಕೊರೆದು, ಒಂದಕ್ಕೊಂದು ಕೂಡಿಸಿ, ಮರದ ಬೆಣೆ ಹೊಡೆದು ನಿಲ್ಲಿಸಿದ ಕಟ್ಟಡ. ಗಾಳಿ ಹಾಯಲೆಂದು ಕಣದ ಎರಡು ಕಡೆ ಎದುರುಬದುರು ಬಾಗಿಲು. ಪಡುವಣದ್ದು ಎತ್ತರ, ಹೊರೆ ತುಂಬಿದ ಗಾಡಿ ಬರಲು. ಮೂಡಣದ್ದು ತಗ್ಗು, ಬರಿಗಾಡಿ ಹೋಗಲು. ಬರಿಗಾಡಿಗೆ ಎತ್ತರವೇಕೆ ಎಂಬುದು ದೊರೆಯ ಲೆಕ್ಕ.

ಆ ಲೆಕ್ಕದಲ್ಲಿ ರಂಗಪ್ಪ ಇರಲಿಲ್ಲ.

ಗುಡ್ಡದ ರಂಗಪ್ಪಸ್ವಾಮಿ ಪ್ರತಿ ಕಾರ್ತಿಕದಲ್ಲಿ ಕೆರೆಗೆ ಸ್ನಾನಕ್ಕೆ ಹೋಗುವ ದಾರಿಗೆ ಅಡ್ಡಲಾಗಿ ಕಣದಮನೆ ನಿಂತಿತ್ತು. ಸ್ವಾಮಿ ನೇರ ಹೋಗುವವನು. ಬಳಸುವುದಿಲ್ಲ, ಅರ್ಧದಲ್ಲಿ ಹಿಂದಿರುಗುವುದಿಲ್ಲ, ಛತ್ರಿ ಇಳಿಸುವುದಿಲ್ಲ. ಪೂಜಾರಿ ಕದಿರಪ್ಪ ಎತ್ತರದ ಬಾಗಿಲನ್ನು ನೋಡಿ, ಸ್ವಾಮಿಗೆಂದೇ ದಾರಿ ಬಿಟ್ಟ ಧರ್ಮಾತ್ಮ ಎಂದು ದೊರೆಯನ್ನು ಹೊಗಳಿದ್ದ. ಆಚೆಯ ಬಾಗಿಲನ್ನು ನೋಡಿರಲಿಲ್ಲ.

ಕಾರ್ತಿಕ ಬಂತು. ಪಲ್ಲಕ್ಕಿ ವಾಲಗದೊಂದಿಗೆ ಒಳಹೊಕ್ಕಿತು. ತಗ್ಗುಬಾಗಿಲಿಗೆ ಛತ್ರಿ ತಗುಲಿತು. ನಿಂತರು.

ಹೊರಗೆ ದೊರೆಯ ರಾಗಿ ಗಾಡಿಗಳು ಸಾಲುಗಟ್ಟಿದ್ದವು. ವರ್ಷದ ಬೆಳೆಯೆಲ್ಲ ಅವುಗಳ ಮೇಲಿತ್ತು. ಮೋಡ ಕವಿಯುತ್ತಿತ್ತು.

“ತುಸು ಬಗ್ಗಿಸಿ ಒಯ್ಯಿರಿ,” ಎಂದ ದೊರೆ.

“ಯಾರನ್ನ?” ಎಂದ ಕದಿರಪ್ಪ.

“ನಿಮ್ಮ ದೇವರನ್ನ.”

“ಸ್ವಾಮಿ ಯಾರಿಗೂ ಬಗ್ಗೋನಲ್ಲ ದೊರೆಗಳೇ. ಬಾಗಿಲು ಒಡೆಸಿ.”

“ತೊಲೆ ಕಡಿದರೆ ಸೂರು ಬೀಳುತ್ತದೆ!”

“ಹಂಗಾದ್ರೆ ಸ್ವಾಮಿ ಕೂರ್ತಾನೆ.”

ಕಣದ ನಡುವೆ ಕೂರಿಸಿದರು.

“ಎಷ್ಟು ಹೊತ್ತು?”

“ಅವನಿಷ್ಟ. ಗುಡ್ಡದ ಮೇಲೆ ಕೂತು ಎಷ್ಟೋ ತಲೆಮಾರಾಯ್ತು.”

ಮೊದಲ ಹನಿ ಬಿತ್ತು. ದೊರೆ ಟೋಪಿ ಕಿತ್ತು ನೆಲಕ್ಕೆಸೆದ. ಆಗ ಆರತಿ ಹಿಡಿದಿದ್ದ ಮುದುಕಿ ಓಬಳಮ್ಮನ ಮೈಮೇಲೆ ಸ್ವಾಮಿ ಬಂದ. ಅಪ್ಪಣೆಯಾಯಿತು:

“ಎಲೈ ದೊರೆಯೇ! ಗುಡ್ಡದ ಬಿಸಿಲಲ್ಲಿ ಬೆಂದಿದ್ದೇನೆ. ಇಲ್ಲಿ ನೆರಳಿದೆ, ಗಾಳಿಯಿದೆ. ಇನ್ನು ನಾನು ಏಳುವವನಲ್ಲ. ನಿನ್ನ ರಾಗಿಯನ್ನು ತಂದು ನನ್ನ ಸುತ್ತಲೇ ಬಡಿ. ಮೊದಲ ಮೊರ ನನಗೆ. ಮೆಟ್ಟು ಹೊರಗೆ ಬಿಡು.”

ದೊರೆ ಮೆಟ್ಟು ಬಿಟ್ಟ. ಪಲ್ಲಕ್ಕಿ ಹೊತ್ತವರು, ವಾಲಗದವರು, ಊರವರೆಲ್ಲ ಸೇರಿ ಹೊರೆಗಳನ್ನು ಕೈಯಿಂದ ಕೈಗೆ ಒಳಗೆ ದಾಟಿಸಿದರು. ಕಡೆಯ ಹೊರೆ ಒಳಬಂದ ಮೇಲೆ ಮಳೆ ಸುರಿಯಿತು. ಒಂದು ತೆನೆಯೂ ನೆನೆಯಲಿಲ್ಲ. ಹೊರಗೆ ಏನಾದರೂ ಉಳಿಯಿತೋ ಎಂದು ದೊರೆ ಬರಿಗಾಲಲ್ಲಿ ಕಟ್ಟಡವನ್ನು ಒಂದು ಸುತ್ತು ಹಾಕಿದ. ಏನೂ ಉಳಿದಿರಲಿಲ್ಲ. ಆ ಸಂತೋಷದಲ್ಲಿ ತಗ್ಗುಬಾಗಿಲಿಂದ ಒಳಗೆ ಓಡಿಬಂದ. ಎತ್ತರದ ಆಳು. ಹಣೆ ತೊಲೆಗೆ ಬಡಿಯಿತು. ಸ್ವಾಮಿಯ ಎದುರು ಉದ್ದಕ್ಕೆ ಬಿದ್ದ.

“ಪ್ರದಕ್ಷಿಣೆ ಹಾಕಿ ಸಾಷ್ಟಾಂಗ ಮಾಡಿಬಿಟ್ಟರಲ್ಲೋ!” ಎಂದು ಕದಿರಪ್ಪ ತೀರ್ಥವನ್ನು ಅವನ ಮುಖಕ್ಕೇ ಎರಚಿದ. ಊರೆಲ್ಲ ಗೋವಿಂದ ಕೂಗಿತು. ಎದ್ದು ಕೂತ ದೊರೆ, ಹಾಗಲ್ಲವೆಂದು ಹೇಳಲು ಬಾಯಿ ತೆರೆದ. ತೆರೆದ ಬಾಯಿಗೆ ಓಬಳಮ್ಮ ಬೆಲ್ಲದ ಪ್ರಸಾದ ಹಾಕಿದಳು.

ಸ್ವಾಮಿ ಈಗಲೂ ಅಲ್ಲೇ ಇದ್ದಾನೆ. ಸ್ನಾನಕ್ಕೆ ಕೆರೆಯ ನೀರು ಕೊಡದಲ್ಲಿ ಬರುತ್ತದೆ. ದೊರೆಯ ಮನೆ ಪ್ರಸಾದದ ಅಡುಗೆಮನೆಯಾಗಿದೆ. ಹೊಗೆಗೂಡು ಹೊಗೆಯನ್ನು ಚೆನ್ನಾಗಿ ಎಳೆಯುತ್ತದೆ. ಕಾರ್ತಿಕದಲ್ಲಿ ಹೊಸ ರಾಗಿಯನ್ನು ಸ್ವಾಮಿಯ ಸುತ್ತ ಬಡಿದು ಮೊದಲ ಮೊರ ಒಪ್ಪಿಸುತ್ತಾರೆ. ತಗ್ಗುಬಾಗಿಲ ತೊಲೆಯಲ್ಲಿ ಹಣೆಯಗಲದ ಗುಳಿಯಿದೆ, ನೋಡಬಹುದು. ದೊರೆಯೊಬ್ಬನಿಂದ ಆದದ್ದಲ್ಲ.

ಭಕ್ತರು ಎತ್ತರದ ಬಾಗಿಲಿಂದ ಬಂದು ತಗ್ಗುಬಾಗಿಲಿಂದ ಹೋಗಬೇಕು. ತಲೆ ತಗ್ಗಿಸಿ. ತಗ್ಗಿಸದವನು ಸ್ವಾಮಿಯೊಬ್ಬನೇ. ಅವನು ಇನ್ನೂ ಹೊರಗೆ ಹೋಗಿಲ್ಲ.