ಸೂಲಗಿತ್ತಿಯ ಗಂಟು

"ಅಜ್ಜಾರ, ಬೆಟ್ಟ ಹತ್ತಾವ ಎಷ್ಟು ಕಡಿಮಿ ಕಟ್ಟಿಕೊಂಡ್ರ ಛಲೋ?"

ಮಠದ ಕಟ್ಟೆಯ ಮೇಲೆ ಕುಳಿತಿದ್ದ ಗುರುಗಳ ಮುಂದೆ ತನ್ನ ಗಂಟನ್ನು ಇಟ್ಟು ಅಡವಯ್ಯ ಕೇಳಿದ. ಇನ್ನೆರಡು ದಿನಕ್ಕೆ ಅವನು ಐದು ಜನರ ಜೊತೆ ಹಿಮಾಲಯಕ್ಕೆ ಹೊರಡುವವನು. ಕಣಿವೆಯ ಕೊನೆಯ ಊರಿನಿಂದ ಮೇಲಿನ ಸರೋವರಕ್ಕೆ ನಾಲ್ಕು ದಿನದ ಕಾಲುದಾರಿ. ಕಂಬಳಿ ಬೇಡವೆಂದು ತೆಗೆದಿಟ್ಟಿದ್ದ. ಅಕ್ಕ ಹೆಣೆದುಕೊಟ್ಟ ಸ್ವೆಟರನ್ನೂ ತೆಗೆದಿಟ್ಟಿದ್ದ. ಈಗ ಉಳಿದದ್ದು ಒಂದು ಪಂಚೆ, ಒಂದು ತಂಬಿಗೆ, ವಿಭೂತಿಯ ಗಟ್ಟಿ. ಇವುಗಳಲ್ಲೂ ಒಂದನ್ನು ಬಿಡು ಎಂದು ಗುರುಗಳು ಹೇಳಿದರೆ ಎಷ್ಟು ಚೆನ್ನ ಎಂಬ ಆಸೆ ಅವನ ಮುಖದಲ್ಲೇ ಕಾಣುತ್ತಿತ್ತು.

ಗುರುಗಳು ಗಂಟನ್ನು ಮುಟ್ಟಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಜವಳಿ ವ್ಯಾಪಾರಿ ಇದ್ದ. ಮೂವತ್ತು ವರ್ಷ ಬಟ್ಟೆ ಅಳೆದು ಅಳೆದು ಬೇಸತ್ತು, ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಅಂಥದೇ ಒಂದು ಸರೋವರಕ್ಕೆ ಹೊರಟ. ಎಲ್ಲವನ್ನೂ ಬಿಟ್ಟವನಿಗೆ ಮಾತ್ರ ಆ ನೀರಿನ ಪುಣ್ಯ ಎಂದು ಯಾರೋ ಅವನ ತಲೆಯಲ್ಲಿ ತುಂಬಿದ್ದರು. ಅಂಗಡಿಯ ತುಂಬ ಬಟ್ಟೆಯಿದ್ದ ಮನುಷ್ಯ ಒಂದು ತೆಳು ಪಂಚೆ ಉಟ್ಟು, ಇನ್ನೊಂದನ್ನು ಗಂಟು ಕಟ್ಟಿಕೊಂಡು ಮನೆ ಬಿಟ್ಟ. ದಾರಿಯುದ್ದಕ್ಕೂ ಕಂಡಕಂಡವರು ಕೈಮುಗಿದರು. ಅದೂ ಅವನಿಗೆ ಹಿತವಾಗಿಯೇ ಇತ್ತು.

ಕಣಿವೆಯ ಕೊನೆಯ ಊರಿನಲ್ಲಿ ಒಂದು ಪದ್ಧತಿ ಇತ್ತು. ಏರುವ ಮುಂಚಿನ ದಿನ ದಾರಿ ತೋರಿಸುವ ಮುದುಕ ಯಾತ್ರಿಕರನ್ನು ಇಬ್ಬಿಬ್ಬರಂತೆ ಎದುರುಬದುರು ಕೂರಿಸುತ್ತಿದ್ದ. ಮೇಲೆ ಹೋಗಿ ಬರುವವರೆಗೂ ಆ ಇಬ್ಬರು ಜೋಡಿ. ಒಬ್ಬರ ಗಂಟನ್ನು ಇನ್ನೊಬ್ಬರು ಒಮ್ಮೆ ಎತ್ತಿ ಕೆಳಗಿಡಬೇಕು. ಯಾಕೆ ಎಂದು ಮುದುಕ ಹೇಳುತ್ತಿರಲಿಲ್ಲ. ಗೊತ್ತಾಗುವವರಿಗೆ ಗೊತ್ತಾಗುತ್ತದೆ ಎನ್ನುತ್ತಿದ್ದ.

ವ್ಯಾಪಾರಿಗೆ ಅದು ಚೆನ್ನಾಗಿ ಅರ್ಥವಾಯಿತು, ಅಂದರೆ ಹಾಗೆಂದು ಅವನು ತಿಳಿದುಕೊಂಡ. ಯಾರು ಎಷ್ಟು ಬಿಟ್ಟು ಬಂದಿದ್ದಾರೆ ಎಂದು ನೋಡುವ ಪರೀಕ್ಷೆ ಇದು. ಇದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ಬೀಗಿದ.

ಅವನ ಎದುರಿಗೆ ಕುಳಿತವಳು ಒಬ್ಬ ಸೂಲಗಿತ್ತಿ. ಅವನದೇ ಸೀಮೆಯ ಹೆಂಗಸು, ಐವತ್ತು ದಾಟಿದವಳು. ಸೂಲಗಿತ್ತಿಯರು ಕರೆ ಬಂದ ಮನೆಗೆ ಹೊರಟಾಗ ತಮಗಾಗಿ ಏನನ್ನೂ ಕಟ್ಟಿಕೊಳ್ಳುವುದಿಲ್ಲ. ಇನ್ನೂ ಹುಟ್ಟದವರಿಗಾಗಿ ಕಟ್ಟಿಕೊಳ್ಳುತ್ತಾರೆ. ಆ ರೂಢಿಯಲ್ಲೇ ಅವಳು ಇಲ್ಲಿಗೂ ಗಂಟು ಕಟ್ಟಿದ್ದಳು. ವ್ಯಾಪಾರಿ ಅದನ್ನು ಎರಡೂ ಕೈಯಿಂದ ಹಿಡಿದ. ಮೊಣಕಾಲಿನವರೆಗೆ ಬಂತು, ಮೇಲೇರಲಿಲ್ಲ.

"ಯವ್ವಾ, ಮನೀನಽ ಕಿತ್ಕೊಂಡು ಬಂದೀಯೇನು?" ಎಂದು ನಕ್ಕ.

ಅವಳು ಅವನ ಗಂಟನ್ನು ಎರಡು ಬೆರಳಿನಲ್ಲಿ ಎತ್ತಿದಳು. ಅವನ ಮುಖ ನೋಡಿದಳು. ಮೆಲ್ಲಗೆ ಕೆಳಗಿಟ್ಟಳು.

"ಭಾಳ ಹಗುರ ಐತ್ರೀ, ಸಾವ್ಕಾರ್ರ."

ವ್ಯಾಪಾರಿ ಅದನ್ನು ಹೊಗಳಿಕೆಯೆಂದೇ ತಿಳಿದ. ಅದೇ ಸಂಜೆ ಅವಳು ಊರಿನ ನೇಕಾರನ ಬಾಗಿಲಲ್ಲಿ ನಿಂತು ಇನ್ನೊಂದು ಕಂಬಳಿ ಕೊಳ್ಳುವುದನ್ನು ಕಂಡ. ಕೆಲವರಿಗೆ ಎಷ್ಟು ಹೊತ್ತರೂ ಸಾಲದು ಎಂದು ಕನಿಕರಪಟ್ಟ.

ಮೊದಲೆರಡು ದಿನ ವ್ಯಾಪಾರಿಯನ್ನು ಹಿಡಿಯುವವರೇ ಇರಲಿಲ್ಲ. ಮೆಲ್ಲಗೆ ಹೋಗಿರಿ, ಮೇಲೆ ಗಾಳಿ ತೆಳುವಾಗುತ್ತದೆ, ಉಸಿರು ಉಳಿಸಿಕೊಳ್ಳಿರಿ ಎಂದು ಮುದುಕ ಹೇಳಿದ್ದು ಅವನ ಕಿವಿಗೆ ಬೀಳಲಿಲ್ಲ. ಪ್ರತಿ ತಿರುವಿನಲ್ಲೂ ಮುಂದೆ ಹೋಗಿ ಕುಳಿತು, ಏದುಸಿರು ಬಿಡುತ್ತ ಬರುವ ಸೂಲಗಿತ್ತಿಗೆ ವೈರಾಗ್ಯದ ಮಾತು ಹೇಳುತ್ತಿದ್ದ. ಅವಳು ಹೂಂಗುಡುತ್ತಿದ್ದಳು. ಮಾತಿಗೆ ಕೊಡುವಷ್ಟು ಉಸಿರು ಅವಳಲ್ಲಿ ಉಳಿದಿರಲಿಲ್ಲ.

ಮೂರನೆಯ ದಿನ ದಾಟಬೇಕಾದದ್ದು ಎರಡು ಶಿಖರಗಳ ನಡುವಿನ ಕಣಿವೆಬಾಯಿ. ಬೆಳಿಗ್ಗೆಯಿಂದಲೇ ವ್ಯಾಪಾರಿಗೆ ತಲೆ ಸಿಡಿಯುತ್ತಿತ್ತು. ಯಾರಿಗೂ ಹೇಳಲಿಲ್ಲ. ಮಧ್ಯಾಹ್ನಕ್ಕೆ ಆಕಾಶ ಕಪ್ಪಿಟ್ಟಿತು. ಮೊದಲು ಆಲಿಕಲ್ಲು, ಆಮೇಲೆ ಹಿಮ. ಪಂಚೆ ತೊಯ್ದು ಮೈಗೆ ಅಂಟಿತು. ಗಂಟಿನಲ್ಲಿದ್ದ ಇನ್ನೊಂದು ಪಂಚೆಯೂ ತೊಯ್ದಿತ್ತು. ಹಲ್ಲು ಕಟಕಟಿಸಿತು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು, ಚಳಿಯೇ ಇಲ್ಲವೆನಿಸಿತು. ಒಂದು ಬಂಡೆಗೆ ಒರಗಿ ಕುಳಿತ. ಕಣ್ಣು ಎಳೆಯುತ್ತಿತ್ತು. ಅರೆಗಳಿಗೆ ಮಲಗಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡ.

ಹಾಗೆ ಕುಳಿತವರು ಏಳುವುದಿಲ್ಲವೆಂದು ಮುದುಕನಿಗೆ ಗೊತ್ತಿತ್ತು. ಅವನು ಕೂಗಿದ, ಭುಜ ಹಿಡಿದು ಅಲುಗಿಸಿದ. ವ್ಯಾಪಾರಿ ಸುಮ್ಮನೆ ನಕ್ಕ.

ಅಷ್ಟರಲ್ಲಿ ಸೂಲಗಿತ್ತಿ ಬಂದಳು. ಬಂದವಳೇ ಗಂಟು ಬಿಚ್ಚಿದಳು. ತೊಯ್ದ ಪಂಚೆಯನ್ನು ಎಳೆದು ಎಸೆದಳು. ಜವಳಿ ಸಾಹುಕಾರನಿಗೆ ನಾಚಿಕೊಳ್ಳುವಷ್ಟು ಎಚ್ಚರವೂ ಇರಲಿಲ್ಲ. ಒಣಬಟ್ಟೆಯಲ್ಲಿ ಮೈ ಒರೆಸಿದಳು. ಕಂಬಳಿ ಸುತ್ತಿ ತನ್ನ ಮೈಗೆ ಆನಿಸಿಕೊಂಡಳು. ಉಣ್ಣೆಯ ಕಾಲುಚೀಲ ಹಾಕಿದಳು. ಬೆಲ್ಲ ಬೆರೆಸಿದ ಹುರಿಹಿಟ್ಟನ್ನು ಚೂರುಚೂರಾಗಿ ತುಟಿಗೆ ಹಚ್ಚಿದಳು. ಅಳದೇ ಹುಟ್ಟಿದ ಕೂಸಿನ ಬೆನ್ನು ನೀವುವಂತೆ ಅವನ ಬೆನ್ನನ್ನು ನೀವುತ್ತ ಕುಳಿತಳು. ಮುದುಕ ಆಕಾಶ ನೋಡಿದ, ಅವಳನ್ನು ನೋಡಿದ, ಹೊರಡೋಣ ಎನ್ನಲಿಲ್ಲ.

ಬಹಳ ಹೊತ್ತಿನ ಮೇಲೆ ವ್ಯಾಪಾರಿಯ ಮೈ ನಡುಗತೊಡಗಿತು. ಆಮೇಲೆ ಬಿಕ್ಕಿದ. ಆಮೇಲೆ ಐವತ್ತೆರಡು ವರ್ಷದ ಆ ಗಂಡಸು ಗಟ್ಟಿಯಾಗಿ ಅತ್ತ.

ಸೂಲಗಿತ್ತಿ ಉಸಿರು ಬಿಟ್ಟು ಹಿಂದಕ್ಕೆ ಒರಗಿದಳು. "ಅತ್ರಲ್ಲ, ಸಾವ್ಕಾರ್ರ. ಇನ್ನ ಚಿಂತಿಲ್ಲ," ಎಂದಳು. ಮುದುಕನೂ ಹಣೆ ಒರೆಸಿಕೊಂಡ.

ಅವನನ್ನು ನಡುವೆ ಹಿಡಿದುಕೊಂಡು ಬೆಳಕು ಇರುವಾಗಲೇ ಕಣಿವೆಬಾಯಿ ದಾಟಿ ಕಲ್ಲುಗುಡಿಸಲು ಸೇರಿದರು. ಅಲ್ಲಿ ಬೆಂಕಿಯ ಮುಂದೆ ಕುಳಿತು ವ್ಯಾಪಾರಿ ತನಗೆ ಸುತ್ತಿದ್ದ ಕಂಬಳಿಯನ್ನು ನೋಡಿದ, ಅವಳು ಹೊದ್ದ ಕಂಬಳಿಯನ್ನು ನೋಡಿದ.

"ಇದು ಬೇಕಾಗ್ತದಂತ ನಿನಗ ಹೆಂಗ ಗೊತ್ತಾತು, ಯವ್ವಾ?"

"ನಿಮ್ಮ ಗಂಟು ಎತ್ತಿದ್ನಲ್ರೀ. ಇವ್ರ ಕಂಬಳಿ ನಾನಽ ಹೊರಬೇಕಂತ ಅಲ್ಲೇ ಗೊತ್ತಾತು."

ವ್ಯಾಪಾರಿಗೆ ನಾಚಿಕೆಯಾಯಿತು. ಆದರೆ ಆ ನಾಚಿಕೆಗಿಂತ ಬದುಕಿದ ನೆಮ್ಮದಿಯೇ ದೊಡ್ಡದಾಗಿತ್ತು. ಹೊಟ್ಟೆ ತುಂಬ ಗಂಜಿ ಕುಡಿದು, ಕೂಸಿನಂತೆ ನಿದ್ದೆ ಹೋದ. ಮರುದಿನ ಎದ್ದವನೇ ಅವಳ ಗಂಟನ್ನು ಎರಡು ಪಾಲು ಮಾಡಿ ಒಂದನ್ನು ಬೆನ್ನಿಗೆ ಕಟ್ಟಿಕೊಂಡ. ಅವಳು ಬೇಡವೆನ್ನಲಿಲ್ಲ. ಸರೋವರಕ್ಕೆ ಎಲ್ಲರಿಗಿಂತ ಕೊನೆಯಲ್ಲಿ, ಏದುಸಿರು ಬಿಡುತ್ತ ಮುಟ್ಟಿದ. ಅಷ್ಟು ನಿರಾಳವಾಗಿ ಅವನು ಅಂಗಡಿಯಲ್ಲೂ ಇದ್ದಿರಲಿಲ್ಲ, ವೈರಾಗ್ಯದಲ್ಲೂ ಇದ್ದಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಇಷ್ಟು ಹೊತ್ತು ಮೊಣಕಾಲನ್ನು ಬಿಗಿಯಾಗಿ ಹಿಡಿದು ಕುಳಿತಿದ್ದ ಅಡವಯ್ಯ ಕೈ ಸಡಿಲಿಸಿದ. ತಾನೇ ಹಿಮದಿಂದ ಎದ್ದು ಬಂದಷ್ಟು ಸಮಾಧಾನವಾಗಿತ್ತು ಅವನಿಗೆ.

"ಸದ್ಯ, ಉಳಕೊಂಡ. ಆಕಿ ಜೋಡಿ ಸಿಕ್ಕಿದ್ದು ಅವನ ಪುಣ್ಯ, ಅಜ್ಜಾರ."

"ಹೌದು," ಎಂದರು ಗುರುಗಳು. "ನಿನ್ನ ವೈರಾಗ್ಯ ಹೊರಾಕ ನೀನು ಎಷ್ಟು ಮಂದೀನ್ನ ಕರ್ಕೊಂಡು ಹೊಂಟೀಯಪ್ಪ?"

ಅಡವಯ್ಯ ಗಂಟನ್ನು ಎತ್ತಿಕೊಂಡು, ತೆಗೆದಿಟ್ಟಿದ್ದ ಕಂಬಳಿಯನ್ನು ತರಲು ಎದ್ದ.