ಹಿಡಿ ಅಕ್ಕಿಯ ಕುಡಿಕೆ

ಎಸ್ತೇರಮ್ಮನ ಅಡುಗೆಮನೆಯಲ್ಲಿ ಅಕ್ಕಿಯ ದೊಡ್ಡ ಡ್ರಮ್ಮೂ ಅದರ ಪಕ್ಕ ಒಂದು ಮಣ್ಣಿನ ಕುಡಿಕೆಯೂ ಇದ್ದವು. ದಿನವೂ ಅನ್ನಕ್ಕೆ ಅಳೆದ ಮೇಲೆ ಒಂದು ಹಿಡಿ ಅಕ್ಕಿ ಕುಡಿಕೆಗೆ ಬೀಳಬೇಕು. ಭಾನುವಾರ ಚರ್ಚಿನಲ್ಲಿ ಅದು ವಿಧವೆ ಸುಗುಣಾಬಾಯಿಯ ಸೆರಗು ಸೇರಬೇಕು.

ಒಂದು ವಾರ, ಆ ಹಿಡಿಗೆಂದು ಕೈ ಬಂದಾಗಲೆಲ್ಲ ಡ್ರಮ್ಮು ಮುಚ್ಚಳ ಬಿಗಿಹಿಡಿಯಿತು. ಒಲೆಯ ಮೇಲೆ ಎಸರು ಉಕ್ಕುತ್ತಿದ್ದುದರಿಂದ ಎಸ್ತೇರಮ್ಮ ಬಿಟ್ಟುಬಿಟ್ಟಳು.

“ಸುಗುಣಾಬಾಯಿಯ ಮಕ್ಕಳು ಏನುಣ್ಣಬೇಕಯ್ಯಾ?” ಎಂದು ಕುಡಿಕೆ ಸಿಡಿಯಿತು.

“ನನ್ನ ಅಕ್ಕಿಯನ್ನು ನಾನೇಕೆ ಕೊಡಲಿ?” ಎಂದಿತು ಡ್ರಮ್ಮು.

“ನಿನ್ನದೇ? ನೀನೇನು ಉತ್ತೆಯಾ, ಬಿತ್ತಿದೆಯಾ? ದೇವರು ಕೊಟ್ಟದ್ದನ್ನು ಕಾಯಲು ನಿಲ್ಲಿಸಿದರೆ ಯಜಮಾನನೇ ಆಗಿಬಿಟ್ಟೆಯಾ! ಮನೆಯವರ ಪ್ರಾರ್ಥನೆ ನಿನಗೆ ಕೇಳಿಸುವುದಿಲ್ಲವೇ?”

“ಕೇಳಿಸುತ್ತದೆ. ಅನುದಿನದ ಆಹಾರ ಅವರು ಬೇಡಿಕೊಳ್ಳಲಿ. ನನಗೆ ವರ್ಷದ್ದು ಬೇಕು.”

ಆ ಭಾನುವಾರ ಸುಗುಣಾಬಾಯಿ ಬರಿಗೈಯಲ್ಲಿ ಮರಳಿದಳು.

ಉಳಿಸಿಕೊಂಡ ಅಕ್ಕಿ ದಿನಗಳೆದಂತೆ ತಳದಲ್ಲೇ ಕೂತು ಹುಳ ಹಿಡಿಯಿತು, ಮೇಲಿನದಕ್ಕೂ ಹಬ್ಬಿತು. ಎಸ್ತೇರಮ್ಮ ಎಲ್ಲವನ್ನೂ ಕೋಳಿಗಳಿಗೆ ಸುರಿದು, ಡ್ರಮ್ಮನ್ನು ಅಂಗಳದ ಬಿಸಿಲಿಗೆ ಬೋರಲು ಹಾಕಿದಳು. ಹೊಸ ಅಕ್ಕಿ ತಂದು ಮೊದಲ ಹಿಡಿಯನ್ನು ಕುಡಿಕೆಗೆ ಹಾಕಿದಳು.

“ನನಗೂ ಸ್ವಲ್ಪ ಕೊಡು,” ಎಂದು ಡ್ರಮ್ಮು ಅಂಗಳದಿಂದ ಕೂಗಿತು.

“ಇದು ಸುಗುಣಾಬಾಯಿಯದು,” ಎಂದಿತು ಕುಡಿಕೆ. “ನನ್ನದೂ ಅಲ್ಲ.”