ಎರಡೂ ಕೈ ಕೇಳಿದ ಮದ್ದವ್ವ

ಓದುವ ಹಿರಿಯರಿಗೆ ಶರಣು. ನನ್ನ ಅಕ್ಷರ ಸೊಟ್ಟ, ಮಾತು ಬಡವು. ಶಾಲೆಗೆ ಹೆಚ್ಚು ಹೋದವಳಲ್ಲ. ಬರೆಯುವುದು ಇದೇ ಮೊದಲು. ಮಕ್ಕಳು ಸುತ್ತ ಕುಳಿತಿದ್ದಾರೆಂದು ಭಾವಿಸಿ ಹೇಳುತ್ತೇನೆ.

ಒಂದು ರಾಜ್ಯವಿತ್ತು. ಅದು ಬೆಟ್ಟದಾಚೆಯದಲ್ಲ, ಕಡಲಾಚೆಯದೂ ಅಲ್ಲ. ತೋಟವ್ವನೆಂಬ ಹೆಣ್ಣುಮಗಳ ಒಡಲೇ ಆ ರಾಜ್ಯ. ಅಲ್ಲಿ ಅಂಡಾಶಯವೆಂಬ ಪುಟ್ಟ ಊರು. ಜೀವಕೋಶಗಳೇ ಅದರ ಪ್ರಜೆಗಳು. ಊರಿಗೊಂದು ಕಟ್ಟಳೆ: ಪಕ್ಕದವನ ಬೆರಳಿಗೆ ಬೆರಳು ಹೆಣೆದು ನಿಲ್ಲಬೇಕು, ಸಾಯುವ ತನಕ ಬಿಡಬಾರದು. ಆ ಕೈಗಳಿಗೆ ಓದಿದವರು ಪ್ರೋಟೀನು ಎನ್ನುತ್ತಾರಂತೆ.

ಆ ಊರಿನಲ್ಲಿ ಸಡಿಲಪ್ಪ ಎಂಬವನು ಕೆಟ್ಟ. ತಿಂದ, ಕೊಬ್ಬಿದ, ತನ್ನಂಥವರನ್ನೇ ಹುಟ್ಟಿಸಿದ. ಒಂದು ದಿನ ಬೆರಳು ಬಿಡಿಸಿಕೊಂಡ.

“ಯಾಕಪ್ಪಾ, ಕೈ ಬಿಟ್ಟೆ?” ಎಂದ ಪಕ್ಕದವನು.

“ನಿನ್ನ ಕೈ ಹಿಡಿದರೆ ನನ್ನ ಹೊಟ್ಟೆ ತುಂಬುತ್ತದೇನು? ನೀನು ನಿಂತಿರು, ಗೂಟದ ಹಾಗೆ!”

ಹೀಗೆಂದು ಬಳಗದೊಡನೆ ಒಡಲಿನ ನೀರಿಗೆ ಹಾರಿದ. ಒಂಟಿಯಾದವನು ಆ ನೀರಿನಲ್ಲಿ ಬದುಕಲಾರ. ಆದ್ದರಿಂದ ಒಂದು ಕೈಯಲ್ಲಿ ಒಬ್ಬರನ್ನೊಬ್ಬರು ಬಿಗಿಹಿಡಿದು, ಉಂಡೆಯಾಗಿ ತೇಲಿದರು. ಇನ್ನೊಂದು ಕೈಗೆ ಹೊಸ ಹಿಡಿತ ಕಲಿಸಿದರು. ಯಾಕೆಂದರೆ ಬೇರೆ ಊರುಗಳಲ್ಲಿ ಬೆರಳು ಹೆಣೆಯುವುದಿಲ್ಲ, ಮಣಿಕಟ್ಟು ಹಿಡಿಯುತ್ತಾರೆ.

ಮೊದಲು ಕರುಳಿನ ಊರಿಗೆ ಹೋದರು.

“ಯಾರು?”

“ನಿಮ್ಮವನೇ, ಕೈ ನೋಡಿ.”

ಒಡಲೊಳಗೆ ಕತ್ತಲೆ. ಕಾವಲುಗಾರ ಮುಖ ನೋಡಲಿಲ್ಲ, ಹಿಡಿತ ನೋಡಿ ಬಾಗಿಲು ತೆರೆದ. ಬಳಗದ ಕೆಲವರು ಅಲ್ಲಿ ಬೇರು ಬಿಟ್ಟರು.

ಎರಡನೆಯದಾಗಿ ಯಕೃತ್ತಿನ ಅಂಚಿಗೆ ಹೋದರು. ಅಲ್ಲಿಯೂ ಅದೇ ಪ್ರಶ್ನೆ, ಅದೇ ಉತ್ತರ, ಅದೇ ಮೋಸ.

ಹೊರಗೆ ತೋಟವ್ವನ ಹೊಟ್ಟೆ ಉಬ್ಬಿತು. ಎರಡು ತುತ್ತಿಗೇ ಸಾಕೆನಿಸಿತು. ಸೀರೆಯ ಗಂಟು ಬಿಗಿಯಾಯಿತು. ದಣಿವೋ ದಣಿವು. ನೆರೆಮನೆಯ ಗುರುಸಂಗವ್ವ, “ಈ ವಯಸ್ಸಿಗೆ ಬಸುರಾದೆಯೇನೇ?” ಎಂದು ನಗೆಯಾಡಿದಳು. ತೋಟವ್ವನೂ ನಕ್ಕಳು, ನಾಚಿಕೆಯಿಂದ ಯಾರಿಗೂ ಹೇಳದೆ ಗಂಟನ್ನು ಸಡಿಲಿಸಿ ಕಟ್ಟಿಕೊಂಡಳು. ಕೊನೆಗೊಂದು ದಿನ ತುಂಬಿದ ಕೊಡ ಎತ್ತಲಾರದೆ ಕುಸಿದು ಕುಳಿತಾಗ ಗುರುಸಂಗವ್ವನ ನಗೆ ನಿಂತಿತು.

“ನಕ್ಕಿದ್ದು ಸಾಕು, ಏಳವ್ವಾ,” ಎಂದು ದವಾಖಾನೆಗೆ ನಡೆಸಿಕೊಂಡು ಹೋದಳು.

ಡಾಕ್ಟರು ಪರೀಕ್ಷಿಸಿ, ಕ್ಯಾನ್ಸರ್ ಎಂದು ಹೇಳಿ, ಮದ್ದವ್ವನೆಂಬ ಔಷಧಿಯನ್ನು ತೋಟವ್ವನ ಒಡಲೊಳಗೆ ಕಳಿಸಿದರು. ಮದ್ದವ್ವ ಎಷ್ಟೋ ಹೆಣ್ಣುಗಳ ಒಡಲು ತಿರುಗಿ ಸವೆದ ಮುದುಕಿ. ಹೋದಲ್ಲೆಲ್ಲ ತಲೆಗೂದಲು ಉದುರಿಸುತ್ತಾಳೆಂದು ಬೈಸಿಕೊಂಡವಳು. ಕರುಳಿನ ಮೇಲೆ ಕೊಬ್ಬಿನ ಸೆರಗು ಹೊದ್ದಂಥ ಮೂರನೆಯ ಊರಿತ್ತು. ಅದರ ಬಾಗಿಲಲ್ಲಿ ನಿಟ್ಟುಸಿರು ಬಿಟ್ಟು ಕುಳಿತಳು. ಸಡಿಲಪ್ಪ ಬಂದ.

“ಯಾರು?”

“ನಿಮ್ಮವನೇ ಅಜ್ಜೀ, ಕೈ ನೋಡು.”

“ನೋಡಿದೆ, ಹಿಡಿತ ನಮ್ಮದೇ. ಆದರೆ ದಡ ಜಾರುತ್ತದೆ, ಒಂದು ಕೈಯಿಂದ ಎಳೆಯಲಾರೆ. ಎರಡೂ ಕೈ ಕೊಡು.”

“ಇನ್ನೊಂದರಲ್ಲಿ ನನ್ನ ಬಳಗವಿದೆ.”

“ಬಳಗ ಬೇಕೋ, ಬಾಗಿಲು ಬೇಕೋ? ಬೇಗ ಹೇಳು ಮಗಾ, ನನಗೆ ಸುಸ್ತು.”

ನೆರೆಯವನನ್ನೇ ಬಿಟ್ಟವನಿಗೆ ಬಳಗ ಯಾವ ಲೆಕ್ಕ? ಸಡಿಲಪ್ಪ ಕೈ ಬಿಟ್ಟ. ಅವನು ಬಿಟ್ಟನೆಂದು ಹಿಂದಿನವನೂ ಬಿಟ್ಟ, ಅವನ ಹಿಂದಿನವನೂ ಬಿಟ್ಟ. ಉಂಡೆ ಒಡೆಯಿತು. ಆಗ ಮದ್ದವ್ವ ತನ್ನ ಎರಡೂ ಕೈಗಳನ್ನು ಹಿಂದಕ್ಕೆಳೆದುಕೊಂಡಳು. ಒಂಟಿಯಾದವರು ಒಬ್ಬೊಬ್ಬರಾಗಿ ಮುಳುಗಿದರು.

ಆದರೆ ಮೊದಲೆರಡು ಊರುಗಳಲ್ಲಿ ಬೇರು ಬಿಟ್ಟವರನ್ನು ಕೀಳಲು ಡಾಕ್ಟರ ಕತ್ತಿಯೇ ಬೇಕಾಯಿತು. ಅಂಡಾಶಯದ ಊರನ್ನೂ ತೆಗೆಯಬೇಕಾಯಿತು. ಕಟ್ಟಳೆ ಮೀರದೆ ಕೈ ಹಿಡಿದು ನಿಂತಿದ್ದ ಬಡಪಾಯಿಗಳೂ ಅದರೊಡನೆ ಹೋದರು.

ತೋಟವ್ವ ಬೋಳು ತಲೆಯಲ್ಲಿ ಮನೆಗೆ ಬಂದಳು. ಗುರುಸಂಗವ್ವ ತಟ್ಟಿದ ರೊಟ್ಟಿಯನ್ನು ಪೂರ್ತಿ ತಿಂದಳು. ಗೋಡೆಗೊರಗಿ, “ದಣಿವಾಗಿದೆ,” ಎಂದಳು. ಅವಳ ಒಡಲೊಳಗೆ, ಮೂರನೆಯ ಊರಿನ ಹೊಸ್ತಿಲ ಮೇಲಿದ್ದ ಮದ್ದವ್ವ, “ನನಗೂ,” ಎಂದಳು. ಸಡಿಲಪ್ಪನ ಬಳಗದವನೊಬ್ಬ ಎಲ್ಲಿಯಾದರೂ ಅಡಗಿರಬಹುದೆಂದು ಏಳದೆ ಕುಳಿತೇ ಇದ್ದಳು.

ನೀತಿ ಇಷ್ಟೇ. ಹಿಡಿದ ಕೈಯನ್ನು ತನ್ನ ಹೊಟ್ಟೆಗಾಗಿ ಬಿಟ್ಟವನು ಯಾರ ಕೈಯನ್ನೂ ಉಳಿಸಿಕೊಳ್ಳಲಾರ. ಅವ್ವಂದಿರೇ, ಸೀರೆಯ ಗಂಟು ಕಾರಣವಿಲ್ಲದೆ ಬಿಗಿಯಾದರೆ ನಾಚದೆ ಹೇಳಿ, ಬೇಗ ತೋರಿಸಿ.

ತಪ್ಪು ಬರೆದಿದ್ದರೆ ಕ್ಷಮಿಸಿ.